ಮೆದುಳಿನ ಅಲೆ ಹಿಡಿದ ಹ್ಯಾನ್ಸ್ ಬರ್ಗರ್

ಇಇಜಿ ಅಂದ್ರೆ ಏನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆಗೆ ಎಲೆಕ್ಟ್ರೋಡ್ ಅಂಟಿಸ್ತಾರೆ, ಪರದೆ ಮೇಲೆ ಸಾಲುಸಾಲಾಗಿ ಅಂಕುಡೊಂಕಾದ ಗೆರೆಗಳು ಓಡ್ತವೆ. ಬಯೋಮೆಡಿಕಲ್ ಸಿಗ್ನಲ್ ಪ್ರೊಸೆಸಿಂಗ್ ಎಲೆಕ್ಟಿವ್ ತಗೊಂಡವರಿಗಂತೂ ಆಲ್ಫಾ, ಬೀಟಾ ಎಲ್ಲಾ ಬಾಯಿಪಾಠ. ಆದರೆ ಮನುಷ್ಯನ ತಲೆಯಿಂದ ಮೊದಲ ಸಲ ಈ ಗೆರೆ ಬರೆಸಿದವರು ಯಾರು, ಯಾಕೆ ಬರೆಸಿದರು ಅಂತ ಕೇಳಿದರೆ ಕ್ಲಾಸಿಗೆ ಕ್ಲಾಸೇ ಮೌನ.

ಅವರ ಹೆಸರು ಹ್ಯಾನ್ಸ್ ಬರ್ಗರ್, ಜರ್ಮನಿಯ ಮನೋವೈದ್ಯರು. ಈ ಸಂಚಿಕೆಗೆ ನಾವು ಅವರ ಬದುಕನ್ನ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ ಇದೆ. ಅವರು ಹಿಡಿದ ಆ ಸಿಗ್ನಲ್ಲನ್ನೇ ಇಟ್ಕೊಂಡು ಆರೋಪಿಯ ತಲೆಯೊಳಗೆ ಏನಿದೆ ಅಂತ ಪತ್ತೆ ಮಾಡೋ ಪರೀಕ್ಷೆ ನಮ್ಮ ದೇಶದಲ್ಲಿ ನಡೆದಿದೆ. ಅದನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ದೊಡ್ಡ ಕೇಸಿನ ಹೆಸರಲ್ಲೇ ನಮ್ಮ ರಾಜ್ಯ ಇದೆ. ಮೆದುಳನ್ನ ಓದೋ ಆಸೆ ಹೇಗೆ ಹುಟ್ಟುತ್ತೆ, ಯಂತ್ರ ಎಷ್ಟು ಹೇಳುತ್ತೆ, ಸರ್ಕಾರದ ಕೈಗೆ ಮನುಷ್ಯನನ್ನ ಒಪ್ಪಿಸಿಬಿಟ್ಟರೆ ಏನಾಗುತ್ತೆ, ಈ ಮೂರೂ ಪ್ರಶ್ನೆಗಳು ಬರ್ಗರ್ ಒಬ್ಬರ ಬದುಕಿನಲ್ಲೇ ಸಿಗ್ತವೆ.

ಕುದುರೆಯಿಂದ ಬಿದ್ದ ಹುಡುಗ

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಕೋಬುರ್ಗ್ ಪಟ್ಟಣದ ಪಕ್ಕದ ನಾಯ್ಸೆಸ್ ಎಂಬ ಊರಲ್ಲಿ. ತಂದೆ ವೈದ್ಯರು. ತಾಯಿಯ ತಂದೆ ಫ್ರೀಡ್ರಿಶ್ ರೂಕರ್ಟ್ ಹೆಸರಾಂತ ಕವಿ, ಸಂಸ್ಕೃತ ಬಲ್ಲವರು. ನಮ್ಮ ನಳ-ದಮಯಂತಿ ಕಥೆಯನ್ನ 1828ರಲ್ಲಿ ಜರ್ಮನ್ ಪದ್ಯದಲ್ಲಿ ಬರೆದವರು. ಅಂದರೆ ಮನೆಯಲ್ಲಿ ಒಂದು ಕಡೆ ವೈದ್ಯಕೀಯ, ಇನ್ನೊಂದು ಕಡೆ ಕಾವ್ಯ.

ಹುಡುಗನಿಗೆ ಎರಡೂ ಬೇಕಿರಲಿಲ್ಲ. ಖಗೋಳ ವಿಜ್ಞಾನಿ ಆಗ್ತೀನಿ ಅಂತ 1892ರಲ್ಲಿ ಯೇನಾ ವಿಶ್ವವಿದ್ಯಾಲಯ ಸೇರಿದ. ಒಂದೇ ಸೆಮಿಸ್ಟರಿಗೆ ಸಾಕಾಯ್ತು. ಓದು ಬಿಟ್ಟು ಒಂದು ವರ್ಷ ಸೈನ್ಯದ ಸೇವೆಗೆ ಹೋದ. ವ್ಯೂರ್ಟ್ಸ್‌ಬುರ್ಗ್ ಹತ್ತಿರ ಒಂದು ದಿನ ತರಬೇತಿ ನಡೀತಿತ್ತು. ಕುದುರೆ ಇದ್ದಕ್ಕಿದ್ದಂತೆ ಮುಂಗಾಲೆತ್ತಿ ನಿಂತಿತು, ಹ್ಯಾನ್ಸ್ ಕೆಳಗೆ ಬಿದ್ದ. ಬಿದ್ದ ಜಾಗಕ್ಕೇ ಕುದುರೆಗಳು ಎಳೆಯುತ್ತಿದ್ದ ಫಿರಂಗಿ ಗಾಡಿ ಬರ್ತಿತ್ತು. ಇನ್ನೇನು ಚಕ್ರ ಮೈಮೇಲೆ ಹತ್ತಬೇಕು, ಅಷ್ಟರಲ್ಲಿ ಗಾಡಿ ನಿಂತಿತು. ಹುಡುಗ ಬದುಕಿದ.

ಅದೇ ದಿನ ಸಂಜೆ ತಂದೆಯಿಂದ ಟೆಲಿಗ್ರಾಂ ಬಂತು, ಮಗ ಹುಷಾರಾಗಿದ್ದಾನಾ ಅಂತ ವಿಚಾರಿಸಿಕೊಂಡು. ದೂರದ ಊರಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಅಪಾಯ ಆಗಿದೆ ಅಂತ ಅನ್ನಿಸಿ, ತಂದೆಯನ್ನ ಹಟ ಹಿಡಿದು ಟೆಲಿಗ್ರಾಂ ಕೊಡಿಸಿದ್ದಳು. ನಮ್ಮಲ್ಲಾದರೆ ರಕ್ತಸಂಬಂಧ ಅಲ್ವಾ, ಗೊತ್ತಾಗುತ್ತೆ ಬಿಡು ಅಂದು ಅಮ್ಮಂದಿರು ದೃಷ್ಟಿ ತೆಗೆದು ಸುಮ್ಮನಾಗ್ತಿದ್ರು. ಹ್ಯಾನ್ಸ್ ಸುಮ್ಮನಾಗಲಿಲ್ಲ. ಸಾವಿನ ಅಂಚಲ್ಲಿ ತನಗಾದ ಭಯ ಯಾವುದೋ ರೂಪದಲ್ಲಿ ಅಕ್ಕನನ್ನ ಮುಟ್ಟಿದೆ ಅಂತ ನಂಬಿದ. ಹಾಗೆ ಮುಟ್ಟಬೇಕಾದರೆ ಮೆದುಳಿನಿಂದ ಏನೋ ಒಂದು ಶಕ್ತಿ ಹೊರಗೆ ಹೋಗಿರಬೇಕು, ಶಕ್ತಿ ಇದ್ದರೆ ಅದನ್ನ ಅಳೆಯಬಹುದು. ನಕ್ಷತ್ರಗಳನ್ನ ಬಿಟ್ಟು ವೈದ್ಯಕೀಯಕ್ಕೆ ಬ್ರಾಂಚ್ ಬದಲಾಯಿಸಿದ್ದು ಹೀಗೆ.

ಒಬ್ಬ ಮನುಷ್ಯನ ಮನಸ್ಸಿನಲ್ಲಿದ್ದದ್ದು ಅವನು ಬಾಯಿಬಿಡದೆ ಇನ್ನೊಬ್ಬರಿಗೆ ಗೊತ್ತಾಗೋದು ಸಾಧ್ಯವಾ ಅನ್ನೋದೇ ಅವರ ಮೊದಲ ಪ್ರಶ್ನೆ. ಇಇಜಿ ಆಮೇಲೆ ಬಂತು.

ಲೆಕ್ಕ ತಾಳೆಯಾಗದ ವರ್ಷಗಳು

1897ರಲ್ಲಿ ಬರ್ಗರ್ ಯೇನಾದಲ್ಲೇ ವೈದ್ಯ ಪದವಿ ಪಡೆದು, ಅಲ್ಲಿನ ಮನೋವೈದ್ಯ ಆಸ್ಪತ್ರೆಯಲ್ಲಿ ಓಟ್ಟೋ ಬಿನ್ಸ್‌ವಾಂಗರ್ ಕೈಕೆಳಗೆ ಕೆಲಸಕ್ಕೆ ಸೇರಿದರು. ಕೊನೆವರೆಗೂ ಅದೇ ಆಸ್ಪತ್ರೆ, ಅದೇ ಊರು. ಹಗಲೆಲ್ಲಾ ಗಡಿಯಾರದಂಥ ಶಿಸ್ತಿನ ವೈದ್ಯರು. ಸಂಜೆಯಾದರೆ ಆಸ್ಪತ್ರೆ ಆವರಣದ ತಮ್ಮ ಪುಟ್ಟ ಪ್ರಯೋಗಶಾಲೆಯಲ್ಲಿ ಒಬ್ಬರೇ. ಒಳಗೆ ಏನು ಮಾಡ್ತಾರೆ ಅನ್ನೋದು ಜೊತೆಗಿದ್ದ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಅವರ ವಿಧಾನ ಥರ್ಮೋಡೈನಮಿಕ್ಸ್ ಓದಿದ ನಮಗೆ ಅರ್ಥವಾಗುವಂಥದ್ದೇ. ಮೆದುಳಿಗೆ ರಕ್ತದ ಮೂಲಕ ರಾಸಾಯನಿಕ ಶಕ್ತಿ ಬರುತ್ತೆ. ಅದರಲ್ಲಿ ಒಂದು ಪಾಲು ಶಾಖವಾಗುತ್ತೆ, ಇನ್ನೊಂದು ಪಾಲು ವಿದ್ಯುತ್ ಆಗುತ್ತೆ. ಉಳಿದದ್ದೇ ಮಾನಸಿಕ ಶಕ್ತಿ. ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಅಳೆದರೆ ಮಧ್ಯದ ಬಾಕಿ ತಾನಾಗೇ ಸಿಗುತ್ತೆ ಅನ್ನೋದು ಅವರ ಲೆಕ್ಕ. ಅದಕ್ಕೆ ಮೊದಲು ರಕ್ತಸಂಚಾರ ಹಿಡಿದರು. ಗಾಯದಿಂದಲೋ ಆಪರೇಷನ್‌ನಿಂದಲೋ ತಲೆಬುರುಡೆಯಲ್ಲಿ ತೂತಾಗಿದ್ದ ರೋಗಿಗಳಲ್ಲಿ ಮೆದುಳು ಮಿಡಿಯುವುದನ್ನ ದಾಖಲಿಸಿದರು. ಆಮೇಲೆ ಉಷ್ಣತೆ ಹಿಡಿದರು, 1910ರಲ್ಲಿ ಅದರ ಮೇಲೊಂದು ಪುಸ್ತಕ ಬರೆದರು. ನಾಯಿಗಳ ಮೆದುಳಿನಿಂದ ವಿದ್ಯುತ್ ಅಳೆಯೋಕೆ ಹೋಗಿ ಸರಿಯಾದ ಫಲಿತಾಂಶ ಸಿಗದೆ ಕೈಬಿಟ್ಟರು. ಎಷ್ಟು ಅಳೆದರೂ ಲೆಕ್ಕ ತಾಳೆಯಾಗಲಿಲ್ಲ.

ಪ್ರಾಣಿಗಳ ಮೆದುಳಿನಲ್ಲಿ ವಿದ್ಯುತ್ ಇದೆ ಅನ್ನೋದು ಆಗಲೇ ಹಳೇ ಸುದ್ದಿ. ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್ 1875ರಲ್ಲೇ ಮೊಲ, ಕೋತಿಗಳ ಮೆದುಳಿನಿಂದ ಅದನ್ನ ಪಡೆದಿದ್ದರು. ಮನುಷ್ಯನಲ್ಲಿ ಯಾರೂ ಮಾಡಿರಲಿಲ್ಲ. ತಲೆಬುರುಡೆಯ ಹೊರಗೆ ಸಿಗೋ ವೋಲ್ಟೇಜು ಕೆಲವು ಹತ್ತು ಮೈಕ್ರೋವೋಲ್ಟ್ ಅಷ್ಟೇ. ಹೃದಯದ ಇಸಿಜಿ ಒಂದು ಮಿಲಿವೋಲ್ಟ್ ಆಸುಪಾಸು ಇರುತ್ತೆ ಅಂದರೆ ಇದು ಎಷ್ಟು ಸಣ್ಣದು ನೋಡಿ. ಇವತ್ತು ನಾವು ಲ್ಯಾಬಿನಲ್ಲಿ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್ ಚಿಪ್ ಹಾಕಿ, 50 ಹರ್ಟ್ಸ್ ನಾಯ್ಸಿಗೆ ಫಿಲ್ಟರ್ ಹಾಕಿ, ಆದರೂ ಸಿಗ್ನಲ್ ಬರ್ತಿಲ್ಲ ಸರ್ ಅಂತ ಗೋಳಾಡ್ತೀವಿ. ಬರ್ಗರ್ ಹತ್ತಿರ ಇದ್ದದ್ದು ಸ್ಟ್ರಿಂಗ್ ಗ್ಯಾಲ್ವನೋಮೀಟರ್. ಅಯಸ್ಕಾಂತದ ಮಧ್ಯೆ ಕೂದಲಿಗಿಂತ ತೆಳುವಾದ ಎಳೆ, ಕರೆಂಟ್ ಹರಿದರೆ ಅದು ಅಲುಗುತ್ತೆ, ಅದರ ನೆರಳು ಓಡುವ ಫೋಟೋ ಕಾಗದದ ಮೇಲೆ ಬೀಳುತ್ತೆ.

ಮಧ್ಯದಲ್ಲಿ ಮೊದಲ ಮಹಾಯುದ್ಧ ಬಂತು, ಸೇನೆಯ ಮನೋವೈದ್ಯರಾಗಿ ಹೋಗಿಬಂದರು. 1919ರಲ್ಲಿ ಆಸ್ಪತ್ರೆಯ ಮುಖ್ಯಸ್ಥರಾದರು, 1927ರಲ್ಲಿ ವಿಶ್ವವಿದ್ಯಾಲಯದ ರೆಕ್ಟರ್ ಕೂಡ ಆದರು. ಅಧಿಕಾರ ಬಂದರೂ ಸಂಜೆಯ ಕೆಲಸ ನಿಲ್ಲಲಿಲ್ಲ.

1924ರ ಜುಲೈ 6

ಆ ದಿನ ಹದಿನೇಳು ವರ್ಷದ ಹುಡುಗನೊಬ್ಬನ ಮೆದುಳಿನ ಮೇಲಿದ್ದ ಎಲೆಕ್ಟ್ರೋಡ್‌ಗಳಿಂದ ಬರ್ಗರ್ ಅವರ ಯಂತ್ರದ ಎಳೆ ಅಲುಗಿತು. ಅವನಿಗೆ ತಲೆಯ ಶಸ್ತ್ರಚಿಕಿತ್ಸೆ ಮಾಡಿದವರು ನಿಕೊಲಾಯ್ ಗುಲೆಕೆ. ಮನುಷ್ಯನ ಮೊದಲ ಇಇಜಿ ಅಂತ ಇವತ್ತು ಲೆಕ್ಕಕ್ಕೆ ಹಿಡಿಯೋದು ಇದನ್ನೇ.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಪೇಪರ್ ಬರೀತಿದ್ರು. ಬರ್ಗರ್ ಐದು ವರ್ಷ ಬಾಯಿ ಬಿಡಲಿಲ್ಲ. ಇದು ನಿಜವಾಗಿ ಮೆದುಳಿನದ್ದಾ, ಇಲ್ಲಾ ಹೃದಯದ ಮಿಡಿತವಾ, ಸ್ನಾಯುವಿನ ನಡುಕವಾ, ಯಂತ್ರದ್ದೇ ಕಿತಾಪತಿಯಾ? ಒಂದೊಂದೇ ಸಂಶಯ ತೆಗೆದು ಪರೀಕ್ಷೆ ಮಾಡಿದರು. ಮಗ ಕ್ಲೌಸ್‌ನನ್ನ ಕೂರಿಸಿಕೊಂಡು ಹತ್ತಾರು ದಾಖಲೆ ತೆಗೆದರು. ಎಲೆಕ್ಟ್ರೋಡ್ ಬದಲಾಯಿಸಿದರು, ಸೀಮೆನ್ಸ್ ಕಂಪನಿಯ ಡಬಲ್ ಕಾಯಿಲ್ ಗ್ಯಾಲ್ವನೋಮೀಟರ್ ತರಿಸಿದರು. 1929ರಲ್ಲಿ ಮೊದಲ ಪ್ರಬಂಧ ಹೊರಬಂತು. ಆ ಗೆರೆಗೆ ಎಲೆಕ್ಟ್ರೋಎನ್‌ಸೆಫಲೋಗ್ರಾಂ ಅಂತ ಹೆಸರಿಟ್ಟವರೂ ಅವರೇ. 1938ರವರೆಗೆ ಇಂಥ 14 ಪ್ರಬಂಧಗಳು ಬಂದವು.

ಅವರು ಕಂಡದ್ದು ಸರಳ. ಕಣ್ಣು ಮುಚ್ಚಿ ಆರಾಮಾಗಿ ಕೂತರೆ ಸೆಕೆಂಡಿಗೆ ಸುಮಾರು 10 ಸಲ ಏರಿಳಿಯುವ ದೊಡ್ಡ ಅಲೆ. ಅದಕ್ಕೆ ಆಲ್ಫಾ ಅಂದರು. ಕಣ್ಣು ಬಿಟ್ಟರೆ ಅಥವಾ ಬಾಯಿಲೆಕ್ಕ ಮಾಡೋಕೆ ಕೊಟ್ಟರೆ ಆಲ್ಫಾ ಕುಗ್ಗಿ, ಸಣ್ಣ, ವೇಗದ ಅಲೆಗಳು ಉಳಿಯುತ್ತವೆ. ಅದಕ್ಕೆ ಬೀಟಾ ಅಂದರು. ಲೆಕ್ಕ ಮಾಡ್ತಿದ್ದಾರೆ ಅನ್ನೋದು ಕಾಗದದ ಮೇಲೆ ಕಾಣಿಸಿತು. ಯಾವ ಲೆಕ್ಕ, ಉತ್ತರ ಎಷ್ಟು ಅನ್ನೋದು ಕಾಣಿಸಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ದೀಪಾಂಜಲಿ ನಗರ ಮೆಟ್ರೋ ಸ್ಟೇಷನ್‌ನಲ್ಲಿ ದಿನಾ ಬ್ಯಾಗನ್ನ ಎಕ್ಸ್‌ರೇ ಯಂತ್ರದೊಳಗೆ ತಳ್ತೀವಲ್ಲ, ಅಲ್ಲಿ ಟಿಫಿನ್ ಡಬ್ಬಿ ಟಿಫಿನ್ ಡಬ್ಬಿಯಾಗೇ ಕಾಣುತ್ತೆ. ಮೆದುಳಿನ ವಿಷಯದಲ್ಲಿ ಹಾಗಲ್ಲ. ಒಂದು ಎಲೆಕ್ಟ್ರೋಡಿಗೆ ಸಿಗೋದು ಲಕ್ಷಾಂತರ ನರಕೋಶಗಳು ಒಟ್ಟಿಗೆ ಮಾಡಿದ ಸದ್ದಿನ ಮೊತ್ತ, ಅದೂ ತಲೆಬುರುಡೆ ದಾಟಿ ಮಸುಕಾಗಿ ಬಂದದ್ದು. ಸ್ಟೇಡಿಯಂ ಹೊರಗೆ ನಿಂತವನಿಗೆ ಒಳಗೆ ಜನ ಕೂಗಿದ್ದು ಕೇಳುತ್ತೆ. ಸಿಕ್ಸರ್ ಹೊಡೆದರಾ, ವಿಕೆಟ್ ಹೋಯ್ತಾ ಅನ್ನೋದನ್ನ ಅವನು ಊಹಿಸಬೇಕು.

ಬಂದ ಹೆಸರು

ಜರ್ಮನಿಯಲ್ಲಿ ಬಹಳ ಜನ ಬರ್ಗರ್ ಅವರನ್ನ ಗಂಭೀರವಾಗಿ ತಗೊಳ್ಳಲಿಲ್ಲ. 1934ರಲ್ಲಿ ಕೇಂಬ್ರಿಡ್ಜಿನ ಎಡ್ಗರ್ ಏಡ್ರಿಯನ್ ಮತ್ತು ಬ್ರಯನ್ ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ, ಅದೇ ಅಲೆ ಕಂಡು, ಅದಕ್ಕೆ ಬರ್ಗರ್ ಹೆಸರನ್ನೇ ಇಟ್ಟು ಪ್ರಕಟಿಸಿದರು. ಏಡ್ರಿಯನ್ ಆಗಲೇ ನೊಬೆಲ್ ಪಡೆದವರು. ಲೋಕ ನಂಬಿತು. ಆದರೆ ಅವರಿಬ್ಬರು ಒಂದು ತಿದ್ದುಪಡಿಯನ್ನೂ ಹೇಳಿದರು. ಅಲೆ ಬರೋದು ಬರ್ಗರ್ ಅಂದುಕೊಂಡಂತೆ ಇಡೀ ಮೆದುಳಿನಿಂದಲ್ಲ, ಮುಖ್ಯವಾಗಿ ದೃಷ್ಟಿಗೆ ಸಂಬಂಧಿಸಿದ ಹಿಂಭಾಗದಿಂದ.

ಮುಂದಿನ ವರ್ಷವೇ ಅಮೆರಿಕದಲ್ಲಿ ಅಪಸ್ಮಾರದ ಇಇಜಿ ಗುರುತು ಸಿಕ್ಕಿತು. ಗ್ರೇ ವಾಲ್ಟರ್ ಇಂಗ್ಲೆಂಡಿನಲ್ಲಿ ಅದೇ ಯಂತ್ರದಿಂದ ಮೆದುಳಿನ ಗೆಡ್ಡೆ ಇರೋ ಜಾಗ ಗುರುತಿಸಿದರು. ಇವತ್ತು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಮೂರ್ಛೆ ರೋಗದ ಮಕ್ಕಳನ್ನ ಕರ್ಕೊಂಡು ಹೋಗುವ ಎಷ್ಟೋ ತಾಯ್ತಂದೆಯರಿಗೆ ಇಇಜಿ ರಿಪೋರ್ಟು ಎಷ್ಟು ಮುಖ್ಯ ಅನ್ನೋದು ಗೊತ್ತು. ಬರ್ಗರ್ ಕೊಟ್ಟದ್ದು ಸಣ್ಣದಲ್ಲ. ಟೆಲಿಪಥಿ ಹುಡುಕಿಕೊಂಡು ಹೊರಟವರಿಗೆ ಟೆಲಿಪಥಿ ಸಿಗಲಿಲ್ಲ, ರೋಗಿಗೆ ದಾರಿ ಸಿಕ್ಕಿತು.

ಅವರು ಕೂತ ಇನ್ನೊಂದು ಕುರ್ಚಿ

ಇಷ್ಟಕ್ಕೇ ನಿಲ್ಲಿಸಿದರೆ ಚಂದದ ವಿಜ್ಞಾನಿ ಕಥೆ ಆಗುತ್ತೆ. ಬಹಳ ಕಾಲ ಹಾಗೇ ಹೇಳಿಕೊಂಡು ಬಂದರು. ನಾಜಿಗಳ ಕಿರುಕುಳಕ್ಕೆ ಸಿಕ್ಕಿದ ಪಾಪದ ಪ್ರೊಫೆಸರ್ ಅನ್ನೋ ಚಿತ್ರ ಪಠ್ಯಪುಸ್ತಕಗಳಲ್ಲೂ ಬಂತು. ಈಚೆಗೆ ದಾಖಲೆಗಳನ್ನ ತೆಗೆದು ನೋಡಿದ ಇತಿಹಾಸಕಾರರು ಬೇರೆಯದನ್ನೇ ಕಂಡಿದ್ದಾರೆ.

1933ರ ಜುಲೈನಲ್ಲಿ ಹಿಟ್ಲರ್ ಸರ್ಕಾರ ಒಂದು ಕಾನೂನು ತಂದಿತು. ಮಾನಸಿಕ ಕಾಯಿಲೆ, ಅಪಸ್ಮಾರ, ಹುಟ್ಟು ಕುರುಡು, ಕಿವುಡು ಇತ್ಯಾದಿ ವಂಶಪಾರಂಪರ್ಯ ಅಂತ ಗುರುತಿಸಿದವರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡೋ ಕಾನೂನು. ಯಾರಿಗೆ ಮಾಡಬೇಕು ಅಂತ ತೀರ್ಮಾನಿಸೋಕೆ ವಿಶೇಷ ಕೋರ್ಟುಗಳು, ಒಬ್ಬ ನ್ಯಾಯಾಧೀಶ, ಇಬ್ಬರು ವೈದ್ಯರು. ವಿಚಾರಣೆ ಮುಚ್ಚಿದ ಬಾಗಿಲೊಳಗೆ. ತೀರ್ಪು ಆಯ್ತು ಅಂದರೆ ಆ ವ್ಯಕ್ತಿ ಬೇಡ ಅಂದರೂ ಪೊಲೀಸರ ಬಲದಿಂದಲೇ ಮಾಡಿಸಬಹುದಿತ್ತು. ಸುಮಾರು 4 ಲಕ್ಷ ಜನರಿಗೆ ಹೀಗಾಯ್ತು.

ಯೇನಾದಲ್ಲಿದ್ದ ಇದರ ಮೇಲ್ಮನವಿ ಕೋರ್ಟಿನಲ್ಲಿ ವೈದ್ಯ ಸದಸ್ಯರಾಗಿ ಕೂತವರಲ್ಲಿ ಹ್ಯಾನ್ಸ್ ಬರ್ಗರ್ ಒಬ್ಬರು. ಎಸ್‌ಎಸ್ ಸಂಘಟನೆಯ ಪೋಷಕ ಸದಸ್ಯರೂ ಆಗಿದ್ದರು. 1938ರಲ್ಲಿ 65 ತುಂಬಿ ನಿವೃತ್ತರಾದರು. 1941ರಲ್ಲಿ ಯೇನಾದ ನಾಜಿ ರೆಕ್ಟರ್ ಕಾರ್ಲ್ ಆಸ್ಟೆಲ್ ಮತ್ತೆ ಆ ಕೋರ್ಟಿಗೆ ಬನ್ನಿ ಅಂತ ಕೇಳಿದಾಗ ಬರ್ಗರ್ ಒಪ್ಪಿಕೊಂಡರು.

ಅದೇ ವರ್ಷದ ಜೂನ್ 1ರಂದು ತೀವ್ರ ಖಿನ್ನತೆಯಲ್ಲಿದ್ದ ಬರ್ಗರ್ ಯೇನಾದ ಆಸ್ಪತ್ರೆಯಲ್ಲೇ ತಮ್ಮ ಜೀವ ತೆಗೆದುಕೊಂಡರು. ಹಿಂದಿನ ವರ್ಷವಷ್ಟೇ ಅಕ್ಕನ ಟೆಲಿಗ್ರಾಂ ಕಥೆಯನ್ನ ಪುಸ್ತಕದಲ್ಲಿ ಬರೆದು ಪ್ರಕಟಿಸಿದ್ದರು. ಕೊನೆವರೆಗೂ ಆ ನಂಬಿಕೆ ಬಿಡಲಿಲ್ಲ.

ತಮ್ಮ ಗ್ಯಾಲ್ವನೋಮೀಟರಿನ ಪ್ರತಿ ಅಲುಗಾಟವನ್ನೂ ಐದು ವರ್ಷ ಅನುಮಾನಿಸಿದ ಮನುಷ್ಯ, ಜೀವಂತ ಮನುಷ್ಯರ ಮೈಮೇಲೆ ತೀರ್ಪು ಕೊಡೋ ವ್ಯವಸ್ಥೆಯನ್ನ ಅನುಮಾನಿಸಲಿಲ್ಲ. ಎದುರಿಗಿದ್ದವರು ಬೇಡ ಅಂದದ್ದು ಆ ಕೋರ್ಟಿನ ಲೆಕ್ಕಕ್ಕೇ ಬರಲಿಲ್ಲ. ಲ್ಯಾಬಿನ ಪ್ರಾಮಾಣಿಕತೆ ಲ್ಯಾಬಿನ ಹೊರಗೂ ತಾನಾಗೇ ಬಂದುಬಿಡುತ್ತೆ ಅಂತ ನಾವು ಅಂದುಕೊಳ್ಳೋದು ಬೇಡ.

ಯೇನಾದಿಂದ ಬೆಂಗಳೂರಿಗೆ

ಬರ್ಗರ್ ಸತ್ತಮೇಲೆ ಅವರ ಸಿಗ್ನಲ್ ಇನ್ನೊಂದು ದಾರಿ ಹಿಡಿಯಿತು. ಅಪರೂಪದ ಅಥವಾ ಗುರುತಿರುವ ವಿಷಯ ಎದುರಾದಾಗ ಸುಮಾರು 300 ಮಿಲಿಸೆಕೆಂಡಿನ ಹೊತ್ತಿಗೆ ಇಇಜಿಯಲ್ಲಿ ಒಂದು ಉಬ್ಬು ಬರುತ್ತೆ. ಪಿ300 ಅಂತ ಹೆಸರಾದ ಇದು 1965ರಲ್ಲಿ ಪತ್ತೆಯಾಯ್ತು. ಅಪರಾಧಿಗೆ ಮಾತ್ರ ಗೊತ್ತಿರೋ ವಿವರ ತೋರಿಸಿದರೆ ಅವನ ಮೆದುಳು ತಾನಾಗೇ ಸಿಕ್ಕಿಬೀಳುತ್ತೆ ಅಂತ ಅಮೆರಿಕದಲ್ಲಿ ಲಾರೆನ್ಸ್ ಫಾರ್‌ವೆಲ್ ಬ್ರೈನ್ ಫಿಂಗರ್‌ಪ್ರಿಂಟಿಂಗ್ ಶುರು ಮಾಡಿದರು. ನಮ್ಮಲ್ಲಿ, ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಬಿಇಓಎಸ್ ಅನ್ನೋ ಇನ್ನೊಂದು ವಿಧಾನ ರೂಪಿಸಿದರು. ಇದರಲ್ಲಿ ಆರೋಪಿ ಎಲೆಕ್ಟ್ರೋಡ್ ಟೋಪಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರಬೇಕು. ಘಟನೆಯ ಬಗ್ಗೆ ಒಂದೊಂದೇ ವಾಕ್ಯ ಕೇಳಿಸ್ತಾರೆ. ಅವನು ಉತ್ತರ ಕೊಡಬೇಕಾಗಿಲ್ಲ. ಅವನೇ ಅನುಭವಿಸಿದ್ದರ ನೆನಪಿದೆಯಾ ಅನ್ನೋದನ್ನ ಸಾಫ್ಟ್‌ವೇರ್ ಹೇಳುತ್ತೆ ಅನ್ನೋದು ವಾದ.

ಬಾಯಿ ಮುಚ್ಚಿಕೊಂಡಿದ್ದರೂ ಆಯ್ತು, ಮೆದುಳೇ ಸಾಕ್ಷಿ. ಇದು ಬರ್ಗರ್ ಅವರ ಇಪ್ಪತ್ತನೇ ವಯಸ್ಸಿನ ಕನಸೇ ಅಲ್ವಾ?

2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ಕೋರ್ಟು ಒಂದು ಕೊಲೆ ಕೇಸಿನಲ್ಲಿ ಯುವತಿಯೊಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಲ್ಲಿ ಪರಿಗಣಿಸಿದ ಸಾಕ್ಷ್ಯಗಳಲ್ಲಿ ಬಿಇಓಎಸ್ ವರದಿಯೂ ಇತ್ತು. ಜಗತ್ತಿನ ನರವಿಜ್ಞಾನಿಗಳು ಹೌಹಾರಿದರು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ ಈ ವಿಧಾನಕ್ಕೆ ವೈಜ್ಞಾನಿಕ ತಳಹದಿ ಇಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸಬಾರದು ಅಂತ ಹೇಳಿತು.

ಎಡವಟ್ಟು ಎಲ್ಲಿದೆ ನೋಡಿ. ಗೊತ್ತಿದೆ ಅನ್ನೋದಕ್ಕೂ ಮಾಡಿದ್ದಾನೆ ಅನ್ನೋದಕ್ಕೂ ಅಜಗಜಾಂತರ. ಪೇಪರಲ್ಲಿ ಓದಿದವನಿಗೆ, ಪಕ್ಕದ ಮನೆಯವನಿಗೆ, ಠಾಣೆಯಲ್ಲಿ ನಾಲ್ಕು ದಿನ ಅದೇ ಪ್ರಶ್ನೆ ಕೇಳಿಸಿಕೊಂಡವನಿಗೆ ಎಲ್ಲರಿಗೂ ವಿವರ ಗೊತ್ತಿರುತ್ತೆ. ಇನ್ನು ಲೆಕ್ಕ. ಒಂದು ಯಂತ್ರ 90 ಪಾಲು ಸರಿ ಅಂತಲೇ ಇಟ್ಕೊಳ್ಳಿ. 100 ಜನರಲ್ಲಿ ಅಪರಾಧಿ ಒಬ್ಬನೇ. ಉಳಿದ 99 ಜನರಲ್ಲಿ ಸುಮಾರು 10 ಮಂದಿಯನ್ನ ಅದು ತಪ್ಪಾಗಿ ಹಿಡಿಯುತ್ತೆ. ಪ್ರಾಬಬಿಲಿಟಿ ಪೇಪರಿನಲ್ಲಿ ಇದು ಐದು ಮಾರ್ಕಿನ ಪ್ರಶ್ನೆ. ಆ ಹತ್ತರಲ್ಲಿ ಒಬ್ಬರಾದವರಿಗೆ ಇಡೀ ಬದುಕು.

ಸೆಲ್ವಿ ಕೇಸು

ನಮ್ಮ ದೀಪಾಂಜಲಿ ನಗರ ಊರಿನ ಪಶ್ಚಿಮಕ್ಕಿದ್ದರೆ ಇನ್ನೊಂದು ದಿಕ್ಕಿನಲ್ಲಿ ಕೋರಮಂಗಲ. ಅಲ್ಲಿನ ಪೊಲೀಸ್ ಠಾಣೆಯ ಒಂದು ಪ್ರಕರಣದಿಂದ ಹೊರಟದ್ದು ಸೆಲ್ವಿ ಕೇಸು. 2004ರಲ್ಲಿ ಕರ್ನಾಟಕ ಹೈಕೋರ್ಟು ಇಂಥ ಪರೀಕ್ಷೆ ಮಾಡಿಸಬಹುದು ಅಂದಿತ್ತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಿ, ದೇಶದ ಇತರ ಕಡೆಯ ಅಂಥವೇ ಕೇಸುಗಳೂ ಜೊತೆ ಸೇರಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಅಂತ ಹೆಸರಾಯ್ತು. ತೀರ್ಪು ಬಂದದ್ದು 2010ರ ಮೇ 5ರಂದು. ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ಆರ್.ವಿ. ರವೀಂದ್ರನ್, ಮತ್ತು ಜೆ.ಎಂ. ಪಾಂಚಾಲ್.

ಕೋರ್ಟಿನ ಮುಂದಿದ್ದವು ಮೂರು ಪರೀಕ್ಷೆ: ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಒತ್ತಾಯಿಸಬಾರದು ಅನ್ನುತ್ತೆ ಸಂವಿಧಾನದ 20(3)ನೇ ವಿಧಿ. ಬೆರಳಚ್ಚು, ಕೈಬರಹ ಕೊಡಿಸೋದು ಇದಕ್ಕೆ ವಿರುದ್ಧವಲ್ಲ ಅಂತ 1961ರಲ್ಲೇ ತೀರ್ಮಾನವಾಗಿತ್ತು. ಹಾಗಾದರೆ ಮೆದುಳಿನ ಅಲೆಯೂ ಬೆರಳಚ್ಚಿನ ಹಾಗೇ ಅಲ್ವಾ ಅನ್ನೋದು ಸರ್ಕಾರದ ಕಡೆಯ ವಾದ. ಕೋರ್ಟು ಒಪ್ಪಲಿಲ್ಲ. ಬೆರಳಚ್ಚು ಹೊರಗಿನ ಗುರುತು. ಈ ಪರೀಕ್ಷೆ ಹುಡುಕೋದು ಒಳಗೆ ಇರೋ ತಿಳುವಳಿಕೆಯನ್ನ, ಅದು ಮಾತಿಗೆ ಸಮ. ಆದ್ದರಿಂದ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ, ಮಾಡಿದರೆ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೂ ಧಕ್ಕೆ ಅಂತ ಹೇಳಿತು. ಒಪ್ಪಿಗೆ ಕೊಟ್ಟರೆ ಅದು ವಕೀಲರ ನೆರವಿನೊಂದಿಗೆ, ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗಬೇಕು. ಆಗಲೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಲ್ಲ. ಅದರಿಂದ ಆಮೇಲೆ ಪತ್ತೆಯಾದ ವಸ್ತುವನ್ನೋ ಮಾಹಿತಿಯನ್ನೋ ಮಾತ್ರ ಕೋರ್ಟು ನೋಡಬಹುದು.

ಇನ್ನೊಬ್ಬ ಬೆಂಗಳೂರಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತಲೂ ತೀರ್ಮಾನವಾಯ್ತು. ಸೆಲ್ವಿ ತೀರ್ಪಿಗೆ ಅದರಿಂದ ಇನ್ನಷ್ಟು ಬಲ.

ಹಾಗಂತ ಚರ್ಚೆ ಮುಗೀತು ಅಂತಲ್ಲ. ಒಪ್ಪಿಗೆ ಅನ್ನೋ ಪದವೇ ಜಾರು ನೆಲ. ಲಾಕಪ್ಪಿನಲ್ಲಿ ಕೂತವನ ಮುಂದೆ ಫಾರಂ ಇಟ್ಟು, ನೀನು ತಪ್ಪು ಮಾಡಿಲ್ಲ ಅಂದ್ಮೇಲೆ ಸೈನ್ ಹಾಕೋಕೇನು ಕಷ್ಟ ಅಂತ ಕೇಳಿದರೆ ಅವನು ಹಾಕೋ ಸಹಿಗೆ ಎಷ್ಟು ಬೆಲೆ? ಬೇಡ ಅಂದವನನ್ನೇ ಜನ ಅನುಮಾನದಿಂದ ನೋಡಿದರೆ ಆ ಹಕ್ಕು ಇದ್ದೂ ಇಲ್ಲದಂತೆ. ಜೊತೆಗೆ ಇಇಜಿ ಇವತ್ತು ಆಸ್ಪತ್ರೆ, ಪ್ರಯೋಗಾಲಯ ದಾಟಿ ಹೆಡ್‌ಬ್ಯಾಂಡ್ ಆಗಿ ಆನ್‌ಲೈನಲ್ಲಿ ಸಿಗ್ತಿದೆ. ಅದರ ಅಲ್ಗಾರಿದಮ್ ಬರೆಯೋರು ಪೊಲೀಸರಲ್ಲ, ಜಡ್ಜ್‌ಗಳಲ್ಲ, ನಮ್ಮಂಥವರೇ.

ಅದಕ್ಕೇ ಬರ್ಗರ್ ಅವರಿಂದ ನಾವು ಒಂದನ್ನ ತಗೊಳ್ಳೋಣ, ಒಂದನ್ನ ಬಿಡೋಣ. ತಗೊಳ್ಳಬೇಕಾದ್ದು 1924ರಿಂದ 1929ರವರೆಗಿನ ಆ ಐದು ವರ್ಷದ ಸಂಶಯ. ನಮ್ಮ ಮಾಡೆಲ್ಲು ನೂರಕ್ಕೆ ಇಷ್ಟು ಸರಿ ಅಂತ ರಿಪೋರ್ಟಿನಲ್ಲಿ ಬರೆಯೋ ಮುಂಚೆ, ಅದು ತಪ್ಪಾದಾಗ ಯಾರ ತಲೆಗೆ ಬರುತ್ತೆ ಅಂತ ಕೇಳಿಕೊಳ್ಳೋದು. ಬಿಡಬೇಕಾದ್ದು ಆ ಕೋರ್ಟಿನ ಕುರ್ಚಿ. ಈ ವರ್ಷ ಇಇಜಿ ಪ್ರಾಜೆಕ್ಟ್ ಮಾಡ್ತಿರೋ ಗೆಳೆಯರು ಜೂನಿಯರ್‌ಗಳ ತಲೆಗೆ ಎಲೆಕ್ಟ್ರೋಡ್ ಇಡೋ ಮುಂಚೆ ಒಂದು ಕನ್ನಡ ಒಪ್ಪಿಗೆ ಪತ್ರ ಬರೆದುಕೊಳ್ಳಿ: ಏನು ದಾಖಲಾಗುತ್ತೆ, ಎಲ್ಲಿ ಉಳಿಯುತ್ತೆ, ಯಾರು ನೋಡ್ತಾರೆ, ಬೇಡ ಅನ್ನಿಸಿದರೆ ಅರ್ಧಕ್ಕೇ ಎದ್ದು ಹೋಗಬಹುದಾ. ಕರಡು ಬೇಕಿದ್ದರೆ ಕನ್ನಡ ಸಂಘದಲ್ಲಿ ಸಿಗಿ, ಕೂತು ಬರೆಯೋಣ.